ಮನೆ ಬೇಕಾ, ಮರಮುಟ್ಟು ಬೇಕಾ?

ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಶಿವಗಂಗೆಯ ರಸ್ತೆಗೆ ಹೊರಳುವ ಕಡೆ ನಿಂತು, ಈ ಸುತ್ತಿನಲ್ಲಿ ಯಾವುದಾದರೂ ಹಳೇ ತೊಟ್ಟಿಮನೆ ಮಾರಾಟಕ್ಕಿದೆಯೇ ಎಂದು ವಿಚಾರಿಸಿ ನೋಡಿ. ಸೈಟು, ಜಮೀನು ಕೊಡಿಸುವ ದಲ್ಲಾಳಿಗಳಿಗೆ ಅಲ್ಲಿ ಬರವಿಲ್ಲ. ಅವರಲ್ಲೊಬ್ಬ ನಿಮ್ಮನ್ನು ಒಮ್ಮೆ ಅಳೆದು ನೋಡಿ ತಿರುಗಿ ಕೇಳುತ್ತಾನೆ: ‘ಮನೆ ಬೇಕಾ ಸಾರ್, ಮರಮುಟ್ಟು ಬೇಕಾ?’

ಮೊದಲ ಸಲ ಈ ಪ್ರಶ್ನೆ ಕಿವಿಗೆ ಬಿದ್ದಾಗ ನನಗೆ ನಗು ಬಂದಿತ್ತು. ಆಮೇಲೆ ಯೋಚಿಸಿದರೆ, ನಮ್ಮ ನಾಡಿನ ಹಳೇ ಮನೆಗಳ ವ್ಯಾಪಾರವನ್ನು ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಹೇಳಿದವರು ಇನ್ನೊಬ್ಬರಿಲ್ಲ ಅನ್ನಿಸಿತು. ಅಮೆರಿಕದ ದಕ್ಷಿಣ ಕಡಲತೀರದ ಚಾರ್ಲ್ಸ್‌ಟನ್‌ನಲ್ಲಿ ಇನ್ನೂರೈವತ್ತು ವರ್ಷದ ಮನೆಯೊಂದು ಮಾರಾಟಕ್ಕೆ ಬಂದರೆ ಅದರ ವಯಸ್ಸೇ ಅದರ ಬೆಲೆ. ನಮ್ಮಲ್ಲಿ ವಯಸ್ಸು ಬೆಲೆಯಿಂದ ಕಳೆಯಬೇಕಾದ ಬಾಬ್ತು. ನೆಲ ಒಬ್ಬನಿಗೆ, ಕಂಬ ಬಾಗಿಲು ಇನ್ನೊಬ್ಬನಿಗೆ, ಹೆಂಚು ಮತ್ತೊಬ್ಬನಿಗೆ ಹೋಗುತ್ತದೆ. ಗೋಡೆಯ ಮಣ್ಣು ಯಾರಿಗೂ ಬೇಡ, ಅದನ್ನು ಟ್ರ್ಯಾಕ್ಟರಿಗೆ ತುಂಬಿ ಎಲ್ಲೋ ಹಳ್ಳಕ್ಕೆ ಸುರಿಯುತ್ತಾರೆ. ಹೀಗೇಕೆ ಎಂದರೆ ‘ನಮ್ಮ ಜನಕ್ಕೆ ಅಭಿರುಚಿ ಇಲ್ಲ’ ಎಂಬ ಉತ್ತರ ಬೆಂಗಳೂರಿನ ಕೂಟಗಳಲ್ಲಿ ಸಲೀಸಾಗಿ ಸಿಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಅಭಿರುಚಿ ಇರುವವನೂ ಇಲ್ಲಿ ಮನೆಯನ್ನು ಇಡಿಯಾಗಿ ಮಾರುವುದು ಕಷ್ಟ, ಇಡಿಯಾಗಿ ಕೊಳ್ಳುವುದು ಇನ್ನೂ ಕಷ್ಟ. ಪಾಲು, ಕಾಗದ, ಕಾಯಿದೆ, ಬ್ಯಾಂಕು, ರಸ್ತೆ ಎಲ್ಲವೂ ಸೇರಿ ಮನೆಯನ್ನು ಬಿಡಿಭಾಗದ ಕಡೆಗೇ ತಳ್ಳುತ್ತವೆ. ಒಂದೊಂದಾಗಿ ನೋಡಬೇಕು.

ಶಿವಗಂಗೆ ಬೆಟ್ಟದ ಸಂಗತಿ ಎಲ್ಲರಿಗೂ ಗೊತ್ತು. ಒಂದು ದಿಕ್ಕಿನಿಂದ ಬಸವ, ಇನ್ನೊಂದು ದಿಕ್ಕಿನಿಂದ ಗಣಪತಿ. ಗಂಗಾಧರೇಶ್ವರನಿಗೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆಂಬ ನಂಬಿಕೆ, ಒಳಕಲ್ಲು ತೀರ್ಥದಲ್ಲಿ ಕೈಗೆ ನೀರು ಎಟುಕಿದರೆ ಪುಣ್ಯವಂತನೆಂಬ ಮಾತು, ಸಂಕ್ರಾಂತಿಯಂದು ನಡೆಯುವ ದೇವರ ಮದುವೆ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಕೊನೆಯುಸಿರೆಳೆದದ್ದು ಇಲ್ಲೇ. ಕುಮುದ್ವತಿ ಹುಟ್ಟುವುದೂ ಈ ಬೆಟ್ಟದಲ್ಲೇ. ಮೆಟ್ಟಿಲು ಹತ್ತಿ ಇಳಿದವರು ಬೆವರು ಒರೆಸಿಕೊಂಡು ಸೀದಾ ಕಾರಿನ ಕಡೆ ನಡೆಯುತ್ತಾರೆ. ಬೆಟ್ಟದ ಬುಡದ ಊರನ್ನು, ಸುತ್ತಲ ಹಳ್ಳಿಗಳನ್ನು ನೋಡುವವರು ಕಡಿಮೆ. ಅಲ್ಲಿ ಮೂರು ಬಗೆಯ ಹಳೇ ಕಟ್ಟಡಗಳು ಉಳಿದಿವೆ. ಯಾತ್ರಿಕರಿಗಾಗಿ ಎದ್ದ ಮಠ, ಛತ್ರಗಳು. ಪೂಜೆ ಪುರಸ್ಕಾರವನ್ನು ನೆಚ್ಚಿದವರ ಮನೆಗಳು. ಇವೆರಡರಿಂದ ದೂರ, ಹೊಲಗಳ ನಡುವಿನ ಊರುಗಳಲ್ಲಿ ಪಟೇಲ, ಶಾನುಭೋಗ, ದೊಡ್ಡ ರೈತರ ತೊಟ್ಟಿಮನೆಗಳು. ಮಠ, ಛತ್ರಗಳು ಟ್ರಸ್ಟಿನವು, ಸಮುದಾಯದವು. ಅವು ಸಾಮಾನ್ಯವಾಗಿ ಮಾರಾಟಕ್ಕೆ ಬರುವುದಿಲ್ಲವಾದ್ದರಿಂದ ಇಲ್ಲಿ ಬಿಡುತ್ತೇನೆ. ಮಾತು ಉಳಿದ ಎರಡರದು, ಅದರಲ್ಲೂ ತೊಟ್ಟಿಮನೆಯದು.

ಬಯಲುಸೀಮೆಯ ತೊಟ್ಟಿಮನೆಯನ್ನು ಸಿನಿಮಾದಲ್ಲಿ ನೋಡಿದವರು ಅದನ್ನು ಅರಮನೆ ಎಂದುಕೊಂಡಿರುತ್ತಾರೆ. ಹಾಗೇನಿಲ್ಲ. ಹೊರಗೆ ಕಲ್ಲುಚಪ್ಪಡಿ ಹಾಸಿದ ಜಗಲಿ. ತಲೆ ಬಗ್ಗಿಸದೆ ದಾಟಲಾಗದ ಬಾಗಿಲು. ಒಳಗೆ ಕಾಲಿಟ್ಟರೆ ಒಂದು ಕಡೆ ದನ ಕಟ್ಟುವ ಜಾಗ, ಏಕೆಂದರೆ ರೈತನ ಎತ್ತು ಮನೆಯ ಹೊರಗೆ ಮಲಗುವ ಪ್ರಾಣಿಯಾಗಿರಲಿಲ್ಲ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ನಾಲ್ಕು ಮೂಲೆಗೆ ಕಂಬ, ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಸುತ್ತ ಪಡಸಾಲೆ, ಆಚೆಗೆ ನಡುಮನೆ, ಕತ್ತಲೆ ಕೋಣೆ, ಅಡುಗೆಮನೆ, ಹಿತ್ತಿಲು. ಮೇಲೆ ಅಟ್ಟ. ರಾಗಿಗೆ ನೆಲದೊಳಗೆ ಹಗೇವು, ಇಲ್ಲವೇ ಕಣಜ. ಗೋಡೆ ಕೆಮ್ಮಣ್ಣಿನದು, ಒಂದೂವರೆ ಎರಡು ಅಡಿ ದಪ್ಪ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಹೆಂಚು ಬಯಲುಸೀಮೆಗೆ ಬರುವವರೆಗೆ ಮಾಡಿನ ಮೇಲಿದ್ದದ್ದು ಕುಂಬಾರನ ನಾಡಹೆಂಚು. ಹಾಗಾಗಿ ‘ನೂರೈವತ್ತು ವರ್ಷದ ಮನೆ’ ಎಂದು ತೋರಿಸುವ ಎಷ್ಟೋ ಮನೆಗಳ ಮಾಡು ಗೋಡೆಗಿಂತ ಚಿಕ್ಕ ವಯಸ್ಸಿನದು. ಕೊಳ್ಳುವವರು ಒಂದು ಹೆಂಚು ತೆಗೆಸಿ ಹಿಂದೆ ಒತ್ತಿರುವ ಕಾರ್ಖಾನೆಯ ಹೆಸರು ಓದಿಕೊಂಡರೆ ಕೆಲವು ಕಥೆಗಳು ತಾವಾಗಿಯೇ ಚಿಕ್ಕವಾಗುತ್ತವೆ.

ಜಗಲಿಯ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ‘ಹಳೇ ಮನೆಯ ಜಗಲಿ ದಾರಿಹೋಕರಿಗೆಲ್ಲ ತೆರೆದಿತ್ತು’ ಎಂದು ಬರೆಯುವುದು ವಾಡಿಕೆ. ದಾರಿಹೋಕರಲ್ಲಿ ಯಾರಿಗೆ ಎಂಬುದನ್ನು ಬರೆಯುವುದಿಲ್ಲ. ಜಗಲಿ ಹತ್ತಬಹುದಾದವರು, ಪಡಸಾಲೆವರೆಗೆ ಬರಬಹುದಾದವರು, ಬೀದಿಯಲ್ಲೇ ನಿಂತು ಕೂಗಬೇಕಾದವರು ಎಂದು ಆ ಮನೆಯ ನಕ್ಷೆಯೇ ಜಾತಿಯ ನಕ್ಷೆಯಾಗಿತ್ತು. ಊರಿನ ಅರ್ಧ ಜನಕ್ಕೆ ಆ ಬಾಗಿಲಿನ ಕೆತ್ತನೆ ಹತ್ತಿರದಿಂದ ಕಂಡದ್ದೇ ಅದನ್ನು ಕಿತ್ತು ಲಾರಿಗೆ ಏರಿಸುವ ದಿನ. ಅಂಥವರು ಮನೆ ಉರುಳಿತೆಂದು ಅಳಲಿಲ್ಲವಾದರೆ ಅಭಿರುಚಿಯನ್ನು ದೂರಬಾರದು.

ಬೆಲೆ ಕಟ್ಟುವ ಕ್ರಮಕ್ಕೆ ಬರೋಣ. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆಯಲ್ಲಿ ನೆಲಕ್ಕೊಂದು ದರ, ಕಟ್ಟಡಕ್ಕೊಂದು ದರ, ಕಟ್ಟಡದ ವಯಸ್ಸಿಗೆ ಸವಕಳಿ. ಬ್ಯಾಂಕಿನಿಂದ ಬರುವ ಮೌಲ್ಯಮಾಪಕ ಕೇಳುವುದು ‘ಕಟ್ಟಡದ ಉಳಿದ ಆಯುಷ್ಯ ಎಷ್ಟು’ ಎಂದು. ಮೂರು ತಲೆಮಾರು ನಿಂತ ಮಣ್ಣುಗೋಡೆಗೆ ಅವನ ಪಟ್ಟಿಯಲ್ಲಿ ಆಯುಷ್ಯವೇ ಇಲ್ಲ. ಜನಗಣತಿಯ ವರ್ಗೀಕರಣದಲ್ಲೂ ಮಣ್ಣಿನ ಗೋಡೆ ಕಚ್ಚಾ, ಹೆಂಚಿನ ಮಾಡು ಪಕ್ಕಾ. ಎರಡೂ ಕೂಡಿದ ತೊಟ್ಟಿಮನೆ ಅರೆಪಕ್ಕಾ. ಪಕ್ಕದಲ್ಲಿ ಹೋದ ವರ್ಷ ಎದ್ದ ಸಿಮೆಂಟ್ ಇಟ್ಟಿಗೆಯ ಎರಡು ಕೋಣೆ ಪೂರ್ತಿ ಪಕ್ಕಾ. ಸಾಲ ಯಾವುದಕ್ಕೆ ಸಿಗುತ್ತದೆಂದು ಹೇಳಬೇಕಿಲ್ಲ. ಅಂದಮೇಲೆ ತೊಟ್ಟಿಮನೆಯನ್ನು ಮನೆಯಾಗಿ ಕೊಳ್ಳುವವನು ಪೂರ್ತಿ ಹಣ ಕೈಯಲ್ಲಿಟ್ಟುಕೊಂಡೇ ಬರಬೇಕು. ಮರದ ವ್ಯಾಪಾರಿಗೆ ಈ ತಾಪತ್ರಯವಿಲ್ಲ. ಅವನು ಬಂದು ಕಂಬಕ್ಕೆ ಉಗುರು ಊರಿ, ತೊಲೆಗೆ ಕೊಡಲಿಯ ಹಿಂಬದಿಯಿಂದ ತಟ್ಟಿ ಸದ್ದು ಕೇಳುತ್ತಾನೆ. ತೇಗವೋ ಹೊನ್ನೆಯೋ ಹಲಸೋ, ಗೆದ್ದಲು ಎಲ್ಲಿವರೆಗೆ ಬಂದಿದೆಯೋ ಅವನಿಗೆ ತಿಳಿಯುತ್ತದೆ. ಸಾದಾ ಮರಕ್ಕೆ ಸಿಎಫ್‌ಟಿ ಲೆಕ್ಕ, ಕೆತ್ತನೆಯ ಬಾಗಿಲುವಾಡಕ್ಕೆ ಒಟ್ಟು ಮಾತು. ಮುಂಗಡ ಅಲ್ಲೇ, ಲಾರಿ ಮಾರನೆಯ ವಾರ. ಇಡೀ ವ್ಯವಹಾರದಲ್ಲಿ ಮನೆಯ ವಯಸ್ಸನ್ನು ಗೌರವಿಸಿ ಮಾತಾಡುವವನು ಅವನೊಬ್ಬನೇ ಎಂಬುದು ವಿಚಿತ್ರವಾದರೂ ನಿಜ.

ನೆಲದ ಬೆಲೆಯ ಕಥೆ ಬೇರೆ. ಬೆಂಗಳೂರು–ತುಮಕೂರು ಹೆದ್ದಾರಿ, ಸೋಂಪುರದ ಕೈಗಾರಿಕಾ ಪ್ರದೇಶ, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಬಳಸಿ ಹೊಸಕೋಟೆ ಕಡೆಗೆ ಹೋಗುವ ಉಪನಗರ ವರ್ತುಲ ರಸ್ತೆ, ಇವು ಮೂರೂ ಸೇರುವ ಜಾಗದ ಹತ್ತಿರವೇ ಶಿವಗಂಗೆ ಇದೆ. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ರದ್ದಾಗಿ, ಕೃಷಿಕರಲ್ಲದವರೂ ಹೊಲ ಕೊಳ್ಳಲು ಇದ್ದ ಅಡ್ಡಿ ಹೋಯಿತು. ಅಂದಿನಿಂದ ವಾರಾಂತ್ಯದ ತೋಟದಮನೆಯ ಕನಸಿಗೆ ಬೇಲಿ ಇಲ್ಲ. ಇದರಲ್ಲಿ ಒಂದು ತಮಾಷೆಯಿದೆ. ಹೊಲ ಕೊಂಡು ತೋಟದಮನೆ ಕಟ್ಟುವವರಿಗೆ ತೊಟ್ಟಿಯೇ ಬೇಕು. ವಾಸ್ತುಶಿಲ್ಪಿ ನಕ್ಷೆಯಲ್ಲಿ ತೊಟ್ಟಿ ಇಡುತ್ತಾರೆ, ಕಂಬ ಕಾರೈಕುಡಿಯಿಂದ ಬರುತ್ತದೆ, ನೆಲಕ್ಕೆ ಆತ್ತಂಗುಡಿಯ ಟೈಲ್ಸು. ಪಕ್ಕದ ಊರಿನಲ್ಲಿ ಅದೇ ತಿಂಗಳು ನಿಜವಾದ ತೊಟ್ಟಿಯೊಂದು ಉರುಳುತ್ತಿರುತ್ತದೆ. ಅದರ ಕಂಬವನ್ನು ಇವರೇಕೆ ಕೊಳ್ಳಲಿಲ್ಲ ಎಂದರೆ, ಅದು ಅಷ್ಟು ಕೆತ್ತನೆಯದಾಗಿರಲಿಲ್ಲ. ರಾಗಿ ತಿನ್ನುವ ಸೀಮೆಯ ಕಂಬ ಚೆಟ್ಟಿಯಾರರ ಬರ್ಮಾ ದುಡ್ಡಿನ ಕಂಬದ ಹಾಗೆ ಹೊಳೆಯುವುದಿಲ್ಲ.

ಇನ್ನು ಪಾಲು. ಹಳೇ ಮನೆಗಳ ಪ್ರಶ್ನೆಯ ಗಂಟು ಇರುವುದು ಇಲ್ಲಿ. ತೊಟ್ಟಿಮನೆ ಒಂದು ಒಟ್ಟು ಕುಟುಂಬದ ಯಂತ್ರ. ಕುಟುಂಬ ಒಡೆದಾಗ ಹೊಲವನ್ನು ಗುಂಟೆ ಲೆಕ್ಕದಲ್ಲಿ ಹಂಚಬಹುದು, ಬಾವಿಯನ್ನು ಸರದಿಯ ಮೇಲೆ ಬಳಸಬಹುದು, ತೊಟ್ಟಿಯನ್ನು ಏನು ಮಾಡುವುದು? ನಮ್ಮ ಊರುಗಳಲ್ಲಿ ಕಂಡುಕೊಂಡ ಉತ್ತರ, ತೊಟ್ಟಿಯ ನಟ್ಟನಡುವೆ ಒಂದು ಇಟ್ಟಿಗೆ ಗೋಡೆ. ಅಣ್ಣನ ಕಡೆ ಎರಡು ಕಂಬ, ತಮ್ಮನ ಕಡೆ ಎರಡು ಕಂಬ. ಮುಂಬಾಗಿಲು ಅಣ್ಣನ ಪಾಲಿಗೆ ಹೋದರೆ ತಮ್ಮ ಪಕ್ಕದ ಗೋಡೆ ಕೊರೆದು ಬೇರೆ ಬಾಗಿಲು ಇಡುತ್ತಾನೆ. ಮಳೆನೀರು ಹೋಗುವ ಮೋರಿ ಒಂದೇ ಇರುವುದರಿಂದ ಮೊದಲ ಮಳೆಗೇ ಜಗಳ. ನೀರು ನಿಂತ ಕಡೆ ಮಣ್ಣುಗೋಡೆ ಬುಡದಿಂದ ಕರಗುತ್ತದೆ. ಬೆಂಗಳೂರು ಸೇರಿದ ಅಣ್ಣ ಮಾಡು ಕೈಯಾಡಿಸುವುದನ್ನು ಬಿಟ್ಟ ಮೇಲೆ ಅವನ ಅರ್ಧ ಬೀಳುತ್ತದೆ, ಬೀಳುವಾಗ ತಮ್ಮನ ತೊಲೆಯನ್ನೂ ಎಳೆದುಕೊಂಡು ಬೀಳುತ್ತದೆ. ಗೆದ್ದಲು, ಮಳೆ, ಇಲಿ ಮೂರೂ ಸೇರಿ ಕೆಡವಿದ ಮನೆಗಳಿಗಿಂತ ಪಾರೀಖತ್ತು ಕೆಡವಿದ ಮನೆಗಳೇ ಹೆಚ್ಚೆಂದು ನನ್ನ ನಂಬಿಕೆ.

ಕಾಯಿದೆ ಈ ಸಂಕಟವನ್ನು ಬಹಳ ಹಿಂದೆಯೇ ಕಂಡಿತ್ತು. 1893ರ ವಿಭಜನಾ ಕಾಯಿದೆಯ ಪ್ರಕಾರ, ಹಂಚಲು ಸಲೀಸಲ್ಲದ ಆಸ್ತಿಯನ್ನು ಮಾರಿ ಹಣ ಹಂಚುವಂತೆ ನ್ಯಾಯಾಲಯ ಹೇಳಬಹುದು. ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಪಾಲಿನವರು ಅದನ್ನು ಕೇಳಬೇಕು. ಇನ್ನೊಂದು ಕಲಮು ಇನ್ನೂ ಸೂಕ್ಷ್ಮದ್ದು. ಒಟ್ಟು ಕುಟುಂಬದ ವಾಸದ ಮನೆಯಲ್ಲಿ ಹೊರಗಿನವನೊಬ್ಬ ಒಬ್ಬರ ಪಾಲನ್ನು ಕೊಂಡು ಹಂಚಿಕೆಗೆ ದಾವೆ ಹೂಡಿದರೆ, ಕುಟುಂಬದ ಯಾರಾದರೂ ಆ ಪಾಲನ್ನು ಕಟ್ಟಿದ ಬೆಲೆಗೆ ತಾವೇ ಬಿಡಿಸಿಕೊಳ್ಳಬಹುದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 23ನೇ ಕಲಮು ಹೇಳಿದ್ದು ಬೇರೊಂದು: ಮನೆಯವರು ವಾಸವಿರುವ ಮನೆಯಲ್ಲಿ ಗಂಡು ವಾರಸುದಾರರು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ. ಕರ್ನಾಟಕ 1994ರಲ್ಲಿ ತನ್ನದೇ ತಿದ್ದುಪಡಿಯಿಂದ, ಆವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಅದನ್ನು ಕೊಟ್ಟು, 23ನೇ ಕಲಮನ್ನೂ ಕಿತ್ತುಹಾಕಿತು. ‘ಅಲ್ಲಿಂದಲೇ ನಮ್ಮ ಮನೆಗಳು ಹಾಳಾದವು’ ಎಂದು ಜಗಲಿಯ ಮೇಲೆ ಕೂತು ಹೇಳುವ ಗಂಡಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆ ಮನೆ ಅಷ್ಟು ದಿನ ನಿಂತದ್ದು ಹೆಣ್ಣುಮಕ್ಕಳು ಅರಿಶಿನ ಕುಂಕುಮ ಇಸಕೊಂಡು, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದರಿಂದ. ತೊಲೆಯ ಭಾರವನ್ನು ಅವರೂ ಹೊತ್ತಿದ್ದರು, ಈಗ ಇಳಿಸಿದ್ದಾರೆ ಅಷ್ಟೇ.

ಆದರೆ ಕೊಳ್ಳುವವನ ಕಷ್ಟ ನಿಜವಾದದ್ದು. ಒಂದು ತೊಟ್ಟಿಮನೆಗೆ ಸಹಿ ಹಾಕಬೇಕಾದವರು ಹನ್ನೆರಡು ಹದಿನಾಲ್ಕು ಜನ ಇರುವುದು ವಿಶೇಷವೇನಲ್ಲ. ವಂಶವೃಕ್ಷ ತರಿಸಬೇಕು, ಪೌತಿ ಖಾತೆ ಆಗಿರಬೇಕು, ಒಬ್ಬ ಸೋದರತ್ತೆ ಶಿರಾದಲ್ಲಿ, ಒಬ್ಬ ಮೊಮ್ಮಗ ಕೆನಡಾದಲ್ಲಿ. ಕೊನೆಯ ಸಹಿ ಹಾಕುವವರ ಬೆಲೆ ಯಾವಾಗಲೂ ಮೊದಲ ಸಹಿಯವರ ಬೆಲೆಗಿಂತ ಹೆಚ್ಚು. ಇದಕ್ಕೆ ಕಾಯಲಾರದ ಪಾಲುದಾರ ತನ್ನ ಪಾಲಿನ ಎರಡು ಕಂಬ, ಒಂದು ಬಾಗಿಲನ್ನು ಮರದವನಿಗೆ ಕೊಡುತ್ತಾನೆ. ನೆಲ ಮಾರಲು ನೋಂದಣಿ ಬೇಕು, ಬಾಗಿಲು ಮಾರಲು ಬೇಡ. ಒಂದು ಸಲ ನಾನೇ ಒಂದು ಮನೆಗೆ ಆಸೆಪಟ್ಟು ಎರಡು ವರ್ಷ ಅಲೆದು, ಎಲ್ಲರೂ ಒಪ್ಪಿದರೆಂದು ಸಿಹಿ ತಿಂದು ಹೋದ ದಿನ ಪಡಸಾಲೆಯಲ್ಲಿ ಕಂಬಗಳ ಬದಲು ಕಬ್ಬಿಣದ ಜಾಕಿಗಳು ನಿಂತಿದ್ದವು.

ಕಾಗದದ ತೊಡಕನ್ನು ಬೇಗ ಮುಗಿಸುತ್ತೇನೆ, ಅದು ಮುಗಿಯದ ವಿಷಯವಾದ್ದರಿಂದ. ಹಳೇ ಮನೆಗಳಿರುವುದು ಗ್ರಾಮಠಾಣದಲ್ಲಿ. ಹೊಲಕ್ಕಿರುವಂತೆ ಅದಕ್ಕೆ ಪಹಣಿ ಇಲ್ಲ. ಪಂಚಾಯಿತಿಯ ಡಿಮ್ಯಾಂಡ್ ರಿಜಿಸ್ಟರು, ಕಂದಾಯ ಕಟ್ಟಿದ ರಸೀತಿ, ಅಜ್ಜನ ಕಾಲದ ಪಾಲುಪಟ್ಟಿ ಇವೇ ಆಧಾರ. 2013ರ ಇ-ಸ್ವತ್ತು ಬಂದ ಮೇಲೆ ನಮೂನೆ 9, 11 ಇಲ್ಲದೆ ನೋಂದಣಿ ಸಾಗದು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನು ಹಾರಿಸಿ ಊರೊಳಗಿನ ಮನೆಗಳ ಗಡಿ ಗುರುತಿಸುವ ಕೆಲಸ ನಡೆದಿದೆ. ಒಳ್ಳೆಯ ಕೆಲಸ, ಆದರೆ ಡ್ರೋನಿಗೆ ಕಾಣುವುದು ಮಾಡು. ಆ ಮಾಡಿನ ಕೆಳಗೆ ನಾಲ್ಕು ಪಾಲು ಇರುವುದು ಅದಕ್ಕೆ ಕಾಣುವುದಿಲ್ಲ.

ಕಡಲ ಕಡೆ ಹೋದರೆ ಮನೆ ದೊಡ್ಡದು, ಬಿದ್ದ ಸದ್ದೂ ದೊಡ್ಡದು. ತುಳುನಾಡಿನ ಗುತ್ತಿನ ಮನೆ, ಕುಂದಾಪುರ ಸೀಮೆಯ ಚೌಕಿಮನೆ, ಭಟ್ಕಳದ ನವಾಯತರ ಮನೆ, ಇವೆಲ್ಲ ಮಳೆಗಾಲದ ಎದುರು ನಿಲ್ಲಲು ಮರದಿಂದಲೇ ಕಟ್ಟಿದವು. ಅವುಗಳ ಉಸ್ತುವಾರಿಗೆ ಗೇಣಿಯ ಭತ್ತ ಬೇಕಿತ್ತು, ವರ್ಷವರ್ಷ ಮಾಡು ಸರಿಪಡಿಸಲು ಒಕ್ಕಲುಗಳ ಬಿಟ್ಟಿ ದುಡಿಮೆ ಬೇಕಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿಯ ಜಮೀನು ಸರ್ಕಾರಕ್ಕೆ ಸೇರಿ ಉಳುವವನಿಗೆ ಹೋಯಿತು. ಆಗಬೇಕಾದದ್ದೇ ಆಯಿತು. ಜಮೀನು ಹೋದ ಮೇಲೆ ಎಂಟು ಕಂಬದ ಚಾವಡಿ ಧಣಿಗೆ ಹೊರೆಯಾಯಿತು. ಹಳೆ ಮೈಸೂರಿನಲ್ಲಿ ಇದರ ಸಣ್ಣ ಆವೃತ್ತಿ ಮೊದಲೇ ನಡೆದಿತ್ತು. 1954, 1955ರ ಇನಾಂ ರದ್ದಿಯಾತಿ ಕಾಯಿದೆಗಳು ದೇವಸ್ಥಾನ, ಮಠ, ಅಗ್ರಹಾರಗಳ ಇನಾಂ ಭೂಮಿಯನ್ನು ನೆಚ್ಚಿದ ಮನೆಗಳ ಬುಡ ಸಡಿಲಿಸಿದ್ದವು. ಪೂಜೆ ಪುರಸ್ಕಾರದವರ ಮನೆಗಳ ಮುರುಕು ಜಗಲಿಗಳಿಗೆ ಒಂದು ವಿವರಣೆ ಅಲ್ಲೂ ಇದೆ.

ಕರಾವಳಿಯಲ್ಲಿ ಬಿಚ್ಚಿ ಮಾರುತ್ತಿದ್ದ ಮನೆಗಳ ದಾರಿಗೆ ಅಡ್ಡ ನಿಂತವರು ವಿಜಯನಾಥ ಶೆಣೈ. ಮಣಿಪಾಲದಲ್ಲಿ ಬ್ಯಾಂಕ್ ನೌಕರರು. ಮೊದಲು ಗುಜರಿಗೆ ಹೊರಟ ಕಂಬ, ಬಾಗಿಲುಗಳನ್ನು ಕೊಂಡು ತಮ್ಮದೇ ಮನೆ ಕಟ್ಟಿಕೊಂಡರು, ಅದಕ್ಕೆ ಹಸ್ತಶಿಲ್ಪ ಎಂದು ಹೆಸರಿಟ್ಟರು. ಆಮೇಲೆ ಬಿಡಿಭಾಗ ಸಾಲದೆಂದು ಇಡೀ ಮನೆಗಳನ್ನೇ ತರತೊಡಗಿದರು. ಒಂದೊಂದು ತುಂಡಿಗೂ ಗುರುತು ಹಾಕಿ ಬಿಚ್ಚಿ, ಲಾರಿಯಲ್ಲಿ ತಂದು, ಮತ್ತೆ ಅದೇ ಕ್ರಮದಲ್ಲಿ ನಿಲ್ಲಿಸಿದ ಮಿಯಾರು ಮನೆ, ಕುಂಜೂರು ಚೌಕಿಮನೆ, ಕುಕನೂರಿನ ಕಮಲ ಮಹಲು, ಮುಧೋಳ ಅರಮನೆಯ ದರ್ಬಾರ್ ಹಾಲು ಇಂದು ಮಣಿಪಾಲದ ಪಾರಂಪರಿಕ ಗ್ರಾಮದಲ್ಲಿವೆ. ಶೆಣೈ 2017ರಲ್ಲಿ ತೀರಿಕೊಂಡರು. ಚೆನ್ನೈ ಬಳಿಯ ಮುತ್ತುಕಾಡಿನ ದಕ್ಷಿಣಚಿತ್ರದಲ್ಲೂ (1996) ಇಳಕಲ್ಲಿನ ನೇಕಾರರ ಮನೆ, ಚಿಕ್ಕಮಗಳೂರಿನ ಮುಸ್ಲಿಂ ಮನೆ ಎಂದು ನಮ್ಮವು ಎರಡಿವೆ. ಊರಿನಿಂದ ಕಿತ್ತ ಮನೆ ಹಲ್ಲಿನ ಡಾಕ್ಟರ ಕಪಾಟಿನಲ್ಲಿಟ್ಟ ಹಲ್ಲಿನ ಹಾಗೆ ಎಂದು ಕೆಲವರು ಹೀಗಳೆಯುತ್ತಾರೆ. ಗಾಳಿ, ಗದ್ದೆ, ನೆರೆಮನೆ ಇಲ್ಲದ ಮನೆ ಅರ್ಧ ಮನೆ ಎಂಬುದು ಸರಿ. ಆದರೆ ಶೆಣೈ ಅವರ ಮುಂದಿದ್ದ ಇನ್ನೊಂದು ಆಯ್ಕೆ ‘ಅಲ್ಲೇ ಇರಲಿ’ ಎಂಬುದಾಗಿರಲಿಲ್ಲ, ಸಾಮಿಲ್ಲಾಗಿತ್ತು. ಈ ವಾದದಲ್ಲಿ ನಾನು ಶೆಣೈ ಪಕ್ಷ.

ಬಿಡಿಭಾಗದ ವ್ಯಾಪಾರದ ರಾಜಧಾನಿ ಕಾರೈಕುಡಿ. ಅಲ್ಲಿನ ಮುನೀಶ್ವರನ್ ಕೋವಿಲ್ ಬೀದಿಯಲ್ಲಿ ಸಾಲಾಗಿ ಹಳೇ ಸಾಮಾನಿನ ಅಂಗಡಿಗಳು. ಬರ್ಮಾ ವ್ಯವಹಾರ ಎರಡನೇ ಮಹಾಯುದ್ಧದೊಂದಿಗೆ ಕುಸಿದ ಮೇಲೆ ಚೆಟ್ಟಿಯಾರರ ಬಂಗಲೆಗಳು ಒಂದೊಂದಾಗಿ ಈ ಬೀದಿಗೆ ಬಂದವು. ಬೆಂಗಳೂರಿನ ಹೊರವಲಯದ ರೆಸಾರ್ಟುಗಳಲ್ಲಿ ನೀವು ಒರಗಿ ಫೋಟೋ ತೆಗೆಸಿಕೊಳ್ಳುವ ಕಂಬದ ಊರು ಹೆಚ್ಚಾಗಿ ಅದೇ.

ಇದನ್ನೆಲ್ಲ ತಡೆಯುವ ಕಾಯಿದೆ ಇಲ್ಲವೇ ಎಂದರೆ ಇದೆ, ವಿಚಿತ್ರ ರೀತಿಯಲ್ಲಿ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ವ್ಯಾಖ್ಯೆಯಲ್ಲಿ, ನೂರು ವರ್ಷ ದಾಟಿದ್ದಾದರೆ ‘ಕಟ್ಟಡದಿಂದ ಬೇರ್ಪಡಿಸಿದ ವಸ್ತು’ವೂ ಪುರಾವಸ್ತು. ಅದನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಅಕ್ಷರಶಃ ಓದಿದರೆ ಅಜ್ಜನ ಅಜ್ಜ ಇಟ್ಟ ಬಾಗಿಲು ಗೋಡೆಯಲ್ಲಿರುವವರೆಗೆ ಬರೀ ಬಾಗಿಲು. ಕಿತ್ತ ಗಳಿಗೆಯಲ್ಲಿ ಅದಕ್ಕೆ ಕಾಯಿದೆಯ ರಕ್ಷಣೆ! ಮನೆಗೆ ಮಾತ್ರ ಅದೂ ಇಲ್ಲ. 1961ರ ರಾಜ್ಯ ಸ್ಮಾರಕ ಕಾಯಿದೆ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ, ಕೇಂದ್ರದ ಪುರಾತತ್ವ ಕಾಯಿದೆ ತನ್ನ ಪಟ್ಟಿಯಲ್ಲಿರುವವಕ್ಕೆ. ಕೇಂದ್ರದ ಸ್ಮಾರಕವಾದರೆ 2010ರ ತಿದ್ದುಪಡಿಯಂತೆ ಸುತ್ತ 100 ಮೀಟರು ನಿಷೇಧಿತ, ಅದರಾಚೆ ಮತ್ತೆ 200 ಮೀಟರು ನಿಯಂತ್ರಿತ. ನಮ್ಮ ಜಿಲ್ಲೆಯಲ್ಲೇ ದೇವನಹಳ್ಳಿ ಕೋಟೆಯೊಳಗೆ ವಾಸವಿರುವವರನ್ನು ಕೇಳಿದರೆ ಈ ಮೀಟರುಗಳ ಅರ್ಥ ಗೊತ್ತಾಗುತ್ತದೆ. ಕಾಯುತ್ತಿರುವುದು ಕೋಟೆಯನ್ನು, ಕಟ್ಟುಬೀಳುವುದು ಮನೆಗಳು. ರಿಪೇರಿಗೂ ಅನುಮತಿ ಕೇಳಬೇಕಾದ ಕಡೆ ಜನ ರಿಪೇರಿಯನ್ನೇ ಬಿಡುತ್ತಾರೆ. ಅನುಮತಿ ಬೇಡದ ಶಿವಗಂಗೆಯ ಹಳ್ಳಿಗಳಲ್ಲಿ ಜೆಸಿಬಿ ತರಿಸುತ್ತಾರೆ. ಎರಡರ ನಡುವೆ, ‘ಇರಿಸಿಕೊಂಡರೆ ಇಷ್ಟು ನೆರವು’ ಎಂದು ಮನೆಯವನ ಕೈಗೆ ಏನಾದರೂ ಕೊಡುವ ಮೂರನೇ ದಾರಿ ಹಳ್ಳಿಗಳಲ್ಲಿ ಎಲ್ಲೂ ಕಾಣುವುದಿಲ್ಲ.

ಬೆಂಗಳೂರಿನ ಬಗ್ಗೆ ಬರೆದವರು ಬಹಳ ಜನ. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರ, ದಂಡಿನ ಕಡೆಯ ಮಂಕಿ ಟಾಪ್ ಕಿಟಕಿಯ ಬಂಗಲೆಗಳು, ಈಗ ಅಪಾರ್ಟ್‌ಮೆಂಟು. ಅಲ್ಲಿನ ಲೆಕ್ಕ ಇನ್ನೂ ಸರಳ: ನೆಲದ ಬೆಲೆ ಎಷ್ಟಾಗಿದೆಯೆಂದರೆ ಮರಮುಟ್ಟನ್ನು ಕೆಡವಿದವನೇ ಕೂಲಿಗೆ ಬದಲಾಗಿ ಒಯ್ಯಲಿ ಎನ್ನುತ್ತಾರೆ. ಮೈಸೂರಿನ ಒಂದು ಪ್ರಕರಣ ಮಾತ್ರ ಬೇರೆಯಾಗಿ ನಡೆಯಿತು. ಯಾದವಗಿರಿಯಲ್ಲಿದ್ದ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವತೊಡಗಿದ್ದಾಗ ಗದ್ದಲವೆದ್ದು ಕೆಲಸ ನಿಂತಿತು. ಸರ್ಕಾರ ಹಣ ಕೊಟ್ಟು ಪಡೆದು ಸರಿಪಡಿಸಿ 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಇಂಗ್ಲಿಷ್ ಲೇಖಕನ ಮನೆಗೆ ಕನ್ನಡಿಗರ ಹಣವೇ ಎಂಬ ತಕರಾರೂ ಎದ್ದಿತ್ತು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಗಿಳಿವಿಂಡು ಸ್ಮಾರಕದ ಭಾಗವಾಗಿ ಉಳಿದಿದೆ, ಕುಪ್ಪಳಿಯಲ್ಲಿ ಕವಿಮನೆ ಇದೆ. ಸಾಹಿತಿ ಬಾಳಿದ ಮನೆಗೆ ಒಂದು ದಾರಿ ಉಂಟು. ಸಾಹಿತಿ ಬಾಳದ ಸಾವಿರಾರು ಮನೆಗಳ ಪ್ರಶ್ನೆ ಇದರಿಂದ ಬಗೆಹರಿಯುವುದಿಲ್ಲ.

ಚಾರ್ಲ್ಸ್‌ಟನ್ನಿನ ಹೆಸರೆತ್ತಿದ್ದೆ. ಅಲ್ಲಿ ಬ್ರಾಡ್ ಸ್ಟ್ರೀಟಿನ ದಕ್ಷಿಣದ ಬೀದಿಗಳಲ್ಲಿ ಬೀದಿಗೆ ಪಕ್ಕೆ ಕೊಟ್ಟು ನಿಂತ, ಒಂದೇ ಕೋಣೆಯಗಲದ, ಉದ್ದ ಮೊಗಸಾಲೆಯ ಮನೆಗಳು ಹಲವು ದಶಲಕ್ಷ ಡಾಲರಿಗೆ ಕೈ ಬದಲಾಯಿಸುತ್ತವೆ. ನಮ್ಮವರು ಅದನ್ನು ನೋಡಿ ಬಂದು ನಿಟ್ಟುಸಿರು ಬಿಡುವುದುಂಟು. ನೂರು ವರ್ಷದ ಹಿಂದೆ ಅಲ್ಲೂ ಮರಮುಟ್ಟಿನ ವ್ಯಾಪಾರವೇ ನಡೆಯುತ್ತಿತ್ತೆಂಬುದನ್ನು ಅವರು ಹೇಳುವುದಿಲ್ಲ. 1865ರಲ್ಲಿ ಅಂತರ್ಯುದ್ಧ ಸೋತ ಊರು ಬಡವಾಗಿತ್ತು, ಕೆಡವಿ ಕಟ್ಟಲು ದುಡ್ಡಿರಲಿಲ್ಲ, ಅದರಿಂದಲೇ ಮನೆಗಳು ಉಳಿದಿದ್ದವು. ಆಮೇಲೆ ಉತ್ತರದ ಸಂಗ್ರಹಕಾರರು, ವಸ್ತುಸಂಗ್ರಹಾಲಯಗಳು ಬಂದು ಗೋಡೆಯ ಮರಗೆಲಸ, ಕಬ್ಬಿಣದ ಜಾಲರಿಗಳನ್ನು ಕಿತ್ತು ಒಯ್ಯತೊಡಗಿದವು. 1772ರ ಒಂದು ಮನೆಯ ದಿವಾನಖಾನೆ ಇಂದಿಗೂ ಮಿನಿಯಾಪೊಲಿಸ್‌ನ ವಸ್ತುಸಂಗ್ರಹಾಲಯದಲ್ಲಿದೆ. ಸೂಸನ್ ಪ್ರಿಂಗಲ್ ಫ್ರಾಸ್ಟ್ ಎಂಬ ಹೆಂಗಸು ಮುಂದೆ ನಿಂತು 1920ರಲ್ಲಿ ಹಳೇ ಮನೆಗಳ ಸಂರಕ್ಷಣಾ ಸಂಘ ಕಟ್ಟಿದರು. ಆಕೆಯ ಉದ್ಯೋಗ ಮನೆ, ನಿವೇಶನಗಳ ದಲ್ಲಾಳಿ ಎಂಬುದು ನನಗೆ ಬಹಳ ಮೆಚ್ಚುಗೆಯ ಸಂಗತಿ. 1931ರಲ್ಲಿ ನಗರ ಪಾರಂಪರಿಕ ವಲಯದ ನಿಯಮ ತಂದಿತು, ಆ ದೇಶದಲ್ಲೇ ಅದು ಮೊದಲನೆಯದು. 1959ರಿಂದ ಆನ್ಸನ್‌ಬರೋ ಬಡಾವಣೆಯಲ್ಲಿ ಇನ್ನೊಂದು ಸಂಸ್ಥೆ ಮನೆಗಳನ್ನು ಕೊಂಡು, ‘ಮುಂಭಾಗ ಬದಲಿಸಬಾರದು, ಕೆಡವಬಾರದು’ ಎಂಬ ಷರತ್ತನ್ನು ಕ್ರಯಪತ್ರಕ್ಕೇ ಕಟ್ಟಿ ಮಾರಿ, ಬಂದ ಹಣದಲ್ಲಿ ಮುಂದಿನ ಮನೆ ಕೊಳ್ಳುತ್ತ ಹೋಯಿತು. ಚೀಟಿ ಹಣದಂತೆ ಸುತ್ತುವ ನಿಧಿ.

ಆ ಕಥೆಗೆ ಇನ್ನೊಂದು ಮಗ್ಗುಲಿದೆ. ಆ ಮನೆಗಳ ಇಟ್ಟಿಗೆ ಸುಟ್ಟವರು, ಗೋಡೆ ಎತ್ತಿದವರು, ಹಿತ್ತಿಲ ಅಡುಗೆಕೋಣೆಯ ಮೇಲಿನ ಗೂಡುಗಳಲ್ಲಿ ಮಲಗಿದವರು ಗುಲಾಮರಾಗಿದ್ದ ಕಪ್ಪು ಜನ. ಸಂರಕ್ಷಣೆ ಬಂದಾಗ ಬಾಡಿಗೆಗಿದ್ದ ಅವರ ಮೊಮ್ಮಕ್ಕಳನ್ನು ಬಿಡಿಸಿಯೇ ಬೀದಿಗಳನ್ನು ಚೆಂದ ಮಾಡಿದರು. ಗುಲಾಮರ ಕೋಣೆ ಈಗ ಮಾರಾಟದ ಜಾಹೀರಾತಿನಲ್ಲಿ ಅತಿಥಿಗೃಹ. ಉಳಿಸುವ ಉತ್ಸಾಹದಲ್ಲಿ ನಾವು ಅಲ್ಲಿಂದ ತರಬೇಕಾದದ್ದು ಷರತ್ತಿನ ಕ್ರಯಪತ್ರವನ್ನು. ಉಳಿದದ್ದು ನಮ್ಮ ಜಗಲಿಗಳಲ್ಲಿ ಬೇಕಾದಷ್ಟಿದೆ.

ಮಾರಲೇ ಬಾರದೆಂಬ ಪದ್ಧತಿಯೂ ನಮ್ಮಲ್ಲೇ ಇದೆ. ಕೊಡಗಿನ ಐನ್‌ಮನೆ ಇಡೀ ಒಕ್ಕದ್ದು, ಅಂದರೆ ಮನೆತನದ್ದು, ಯಾರೊಬ್ಬರ ಸ್ವತ್ತೂ ಅಲ್ಲ. ಹಾಗಾಗಿ ಮಾರುವವರಿಲ್ಲ, ಕೊಳ್ಳುವವರಿಲ್ಲ, ಹಬ್ಬಕ್ಕೆ ಎಲ್ಲರೂ ಬರುತ್ತಾರೆ. ಹೆಂಚು ಒಡೆದರೆ ಯಾರು ಹಾಕಿಸಬೇಕೆಂಬ ಮಾತು ಬಂದಾಗ ಮಾತ್ರ ಎಲ್ಲರದ್ದು ಯಾರದ್ದೂ ಅಲ್ಲವಾಗುವುದುಂಟು.

ಇಷ್ಟೆಲ್ಲದರ ನಡುವೆ ಶಿವಗಂಗೆಯ ಸುತ್ತ ಮನೆಯನ್ನು ಮನೆಯಾಗಿ ಕೊಳ್ಳುವವರು ಇಲ್ಲದಿಲ್ಲ. ಬಹುಮಟ್ಟಿಗೆ ಅದೇ ಕುಟುಂಬದ ಒಬ್ಬರು: ಬೆಂಗಳೂರಿನಲ್ಲಿ ದುಡಿದು, ಉಳಿದ ಪಾಲುದಾರರ ಹಕ್ಕು ಬಿಡಿಸಿಕೊಂಡು, ನಡುಗೋಡೆ ಕೆಡವಿಸುವವರು. ಕಾಯಿದೆ ಮನೆಯವರಿಗೆ ಮೊದಲ ಅವಕಾಶ ಕೊಟ್ಟದ್ದು ಇಂಥವರಿಗಾಗಿಯೇ. ಹೊರಗಿನವರಲ್ಲಿ ಹೋಮ್‌ಸ್ಟೇ ಮಾಡುವವರು ಕೆಲವರು, ನನ್ನಂಥ ಹುಚ್ಚರು ಕೆಲವರು. ಕೊಂಡ ಮೇಲೆ ಸಿಗುವ ಮೊದಲ ಆಘಾತ ಮೇಸ್ತ್ರಿಯದು. ಮಣ್ಣುಗೋಡೆಗೆ ಸಿಮೆಂಟು ಬಳಿಯುತ್ತೇನೆ ಎನ್ನುತ್ತಾನೆ. ಬಳಿಸಿದರೆ ಗೋಡೆಯೊಳಗಿನ ತೇವ ಹೊರಬರಲು ದಾರಿ ಇಲ್ಲದೆ ಮೂರು ಮಳೆಗಾಲದಲ್ಲಿ ಹೊಪ್ಪಳೆ ಏಳುತ್ತದೆ. ಸುಣ್ಣ ಕೊಳೆಹಾಕಿ, ಗಾರೆ ಅರೆದು ಹಾಕುವವರನ್ನು ಹುಡುಕಿಕೊಂಡು ಊರೂರು ತಿರುಗಬೇಕು. ಸಿಕ್ಕವರಿಗೆ ವಯಸ್ಸು ಎಪ್ಪತ್ತರ ಮೇಲಿರುತ್ತದೆ.

ಹಾಗಾಗಿ ಯಾರಾದರೂ ಸಲಹೆ ಕೇಳಿದರೆ ನಾನು ಹೇಳುವುದು ಇಷ್ಟು. ಮನೆ ನೋಡಲು ಆಷಾಢದಲ್ಲಿ ಹೋಗಿ. ನೋಂದಣಿ, ಮುಹೂರ್ತ ಏನೂ ಇಲ್ಲದ ತಿಂಗಳು, ದಲ್ಲಾಳಿಗೆ ಪುರುಸೊತ್ತಿರುತ್ತದೆ, ಬೆಲೆಯಲ್ಲೂ ಸ್ವಲ್ಪ ಬಿಗಿ ಸಡಿಲ. ಜಡಿಮಳೆ ಹಿಡಿಯುವವರೆಗೆ ಪಡಸಾಲೆಯಲ್ಲಿ ಕೂತಿರಿ. ಯಾವ ಹೆಂಚು ಸೋರುತ್ತದೆ, ತೊಟ್ಟಿಯ ನೀರು ಮೋರಿ ಸೇರುತ್ತದೋ ಗೋಡೆಯ ಬುಡ ಸೇರುತ್ತದೋ, ಒಂದು ಗಂಟೆಯಲ್ಲಿ ತಿಳಿಯುತ್ತದೆ. ಅಷ್ಟರಲ್ಲಿ ಒಳಗಿನಿಂದ ಕಾಫಿ ಬರುತ್ತದೆ. ತಂದುಕೊಟ್ಟ ಅಜ್ಜಿಯನ್ನು ‘ನಿಮಗೆ ಎಷ್ಟು ಜನ ಹೆಣ್ಣುಮಕ್ಕಳಮ್ಮ, ಎಲ್ಲೆಲ್ಲಿ ಕೊಟ್ಟಿದ್ದೀರಿ’ ಎಂದು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ.